‘ಹಲಕಟ’ ಶಬ್ದದ ಅರ್ಥವಿಚಾರ

ನಿಪ್ಪಾಣಿ, ಚಿಕ್ಕೋಡಿ, ಅಥಣಿ ಸೀಮೆಗಳ ಆಡುನುಡಿಯಲ್ಲಿ ಸಭ್ಯಗೃಹಸ್ಥನಿಗೆ ಸಲ್ಲದ ನಡತೆಯನ್ನು ಸೂಚಿಸುವ ಶಬ್ದಗಳಲ್ಲಿ ‘ಹಲಕಟ’ ಎಂಬುದು ಮುಖ್ಯವಾದುದು. ‘ಹಲ್ಕಟ್’, ‘ಹಲಕಟ್ಟ’ ಎಂಬ ಉಚ್ಚಾರಭೇದಗಳೂ ‘ಹಲಕಟತನ’, ‘ಹಲ್ಕಟಗಿರಿ’ ಎಂಬ ಭಾವನಾಮಗಳೂ ಇದಕ್ಕುಂಟು. ಇದಕ್ಕೆ ‘ನೀಚ’ ಎಂದು ಅರ್ಥ ಹೇಳಿ ಮುಗಿಸುವುದು ವಾಡಿಕೆ. ಈ ಅರ್ಥವು ಎಷ್ಟರಮಟ್ಟಿಗೆ ಸರಿಯೆಂಬುದು ವಿಚಾರಣೀಯವಾಗಿದೆ.

ಶಬ್ದವು ಮರಾಠಿಯಿಂದ ಬಂದುದು. ಅಕ್ಕೋಳ ಮೊದಲಾದ ಗಡಿಯೂರುಗಳಲ್ಲಿ ಎರಡು ನುಡಿಗಳೂ ಬಳಕೆಯಲ್ಲಿರುವುದರಿಂದಲೂ, ಈ ಸೀಮೆಯು 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದುದರಿಂದಲೂ ಇಂಥ ಕೊಳುಕೊಡೆ ಸಹಜವೇ. ಕೊನೆಯ ‘ಕಟ’ವು ಕನ್ನಡದ ‘ಕಟ್ಟು’ ಧಾತುವಿನಂತೆ ತೋರಿದರೂ ಅದಲ್ಲ. ‘ತೇಲಕಟ’ (ಎಣ್ಣೆಜಿಡ್ಡಿನ), ‘ಪೋರಕಟ’ (ಹುಡುಗಾಟದ) ಎಂಬಲ್ಲಿ ಕಾಣುವ ಮರಾಠಿ ಪ್ರತ್ಯಯವೇ ಇದೆಂದು ತಿಳಿಯಬಹುದು. ಪೂರ್ವಪದವು ‘ಹಲಕಾ’ ಶಬ್ದಕ್ಕೆ ಸಂಬಂಧಿಸಿದುದು. ಅದರ ಮೂಲ ಸಂಸ್ಕೃತದ ‘ಲಘುಕ’. ಲಕಾರ ಹಕಾರಗಳು ಸ್ಥಾನ ಬದಲಿಸಿ ‘ಲಹುಅ’ವು ‘ಹಲುಅ’ ಆಗುವುದನ್ನು ಹನ್ನೆರಡನೆಯ ಶತಮಾನದ ಹೇಮಚಂದ್ರನು ತನ್ನ ಪ್ರಾಕೃತ ವ್ಯಾಕರಣದಲ್ಲಿಯೇ ಹೇಳಿರುವನು.

ಆದುದರಿಂದ ಮೂಲಾರ್ಥವು ‘ತೂಕವಿಲ್ಲದುದು’. ಭಾರವಾಚಿಯಾದ ‘ಗುರು’ವಿನಿಂದ ‘ಗೌರವ’ವು ಹುಟ್ಟಿದಂತೆ, ಲಘುವಿನಿಂದ ಅಗೌರವದ ಈ ಶಬ್ದವು ಹುಟ್ಟಿದೆ. ‘ತೂಕದ ಮನುಷ್ಯ’, ‘ಹಗುರಾಗಿ ಮಾತಾಡಿದ’ ಎಂಬ ಕನ್ನಡದ ಮಾತುಗಳಲ್ಲಿಯೂ ಇದೇ ಭಾವನೆಯಿದೆ.

ಬಳಕೆಯಲ್ಲಿ ಎರಡು ರೂಪಗಳು ಬೇರ್ಪಟ್ಟಿರುವುದು ಗಮನಾರ್ಹ. ‘ಹಲಕಾ’ ಎಂಬುದು ಸರಕಿಗೂ ಸಲ್ಲುತ್ತದೆ. ಕಡಿಮೆ ದರ್ಜೆಯ ಬಟ್ಟೆ ‘ಹಲಕಾ ಮಾಲು’. ‘ಹಲಕಟ’ವಾದರೋ ಮನುಷ್ಯನಿಗೆ, ಅವನ ಮಾತಿಗೆ, ಕೃತ್ಯಕ್ಕೆ ಮಾತ್ರ ಸಲ್ಲುತ್ತದೆ. ‘ಒರಟ’ನಿಗೆ ನಯವಿಲ್ಲ, ಆದರೆ ಅವನ ಮನಸ್ಸು ಒಳ್ಳೆಯದಿರಬಹುದು. ‘ಉಡಾಳ’ನಿಗೆ ಜವಾಬುದಾರಿಯಿಲ್ಲ, ಹಿರಿಯರು ಅಕ್ಕರೆಯಿಂದಲೂ ಹುಡುಗನನ್ನು ಹಾಗೆನ್ನುವುದುಂಟು. ಹಲಕಟನು ಮರ್ಯಾದೆಯನ್ನು ತಿಳಿದೂ ಮೀರುವವನು: ಉಂಡ ಮನೆಯನ್ನು ಹಳಿಯುವವನು, ನಂಬಿ ಹೇಳಿದುದನ್ನು ಬೀದಿಗೆ ತರುವವನು, ಹೆಂಗಸರೆದುರು ಹೊಲಸು ಮಾತಾಡುವವನು.

‘ನೀಚ’ ಶಬ್ದಕ್ಕೆ ಹುಟ್ಟಿನ ತಾರತಮ್ಯದ ವಾಸನೆಯು ಬಹುಕಾಲದಿಂದ ಅಂಟಿಕೊಂಡಿದೆ. ಹಲಕಟತನವಾದರೋ ಕುಲವನ್ನಾಗಲಿ ಬಡತನವನ್ನಾಗಲಿ ಅವಲಂಬಿಸಿದುದಲ್ಲ. ಸಿರಿವಂತನ ಕೃತ್ಯವೂ ‘ಹಲಕಟ ಕೆಲಸ’ವೇ ಆಗಬಹುದು. ಪಾಠ ಹೇಳುವವರೂ ಕೋಶ ರಚಿಸುವವರೂ ‘ನೀಚ’ವೆಂದಷ್ಟೇ ಬರೆದರೆ, ಜನರು ನಡತೆಗೆ ಹಾಕಿದ ನಿಂದೆಯು ಜನ್ಮಕ್ಕೆ ತಗಲುವುದು. ‘ನಡತೆಯಲ್ಲಿ ತೂಕಗೆಟ್ಟವನು, ಮರ್ಯಾದೆಯನ್ನರಿತೂ ಮೀರುವವನು’ ಎಂದು ವಿವರಿಸುವುದೇ ಯುಕ್ತವು.