ಗೌನು ಮೇಯರ್‌ಗೆ, ಪೆನ್ನು ಆಯುಕ್ತರಿಗೆ

ಮಂಗಳೂರು ಮಹಾನಗರ ಪಾಲಿಕೆಯ 60 ವಾರ್ಡ್‌ಗಳ ಪಟ್ಟಿಯನ್ನು ಸುರತ್ಕಲ್ ಪಶ್ಚಿಮದಿಂದ ಬೆಂಗ್ರೆಯವರೆಗೆ ಬೆರಳಿಟ್ಟು ಓದಿದರೂ ನಗರದ ನಡುವಿನ ಹಂಪನಕಟ್ಟೆ ಸಿಗುವುದಿಲ್ಲ. ಕೋರ್ಟ್ ವಾರ್ಡ್ ಇದೆ, ಸೆಂಟ್ರಲ್ ಮಾರ್ಕೆಟ್ ಇದೆ, ಕಂಟೋನ್ಮೆಂಟ್ ಇದೆ, ಮಿಲಾಗ್ರಿಸ್ ಇದೆ. ಬಸ್ ಕಂಡಕ್ಟರುಗಳ ಬಾಯಲ್ಲಿ ದಿನವಿಡೀ ಕೇಳುವ ಹೆಸರಿಗೆ ಮಾತ್ರ ತನ್ನದೇ ಒಬ್ಬ ಕಾರ್ಪೊರೇಟರ್ ಇಲ್ಲ. ಸುತ್ತಲಿನ ವಾರ್ಡ್‌ಗಳು ಅದನ್ನು ಹಂಚಿಕೊಂಡಿವೆ.

ಹಂಚಿಕೆ ಅಲ್ಲಿಗೇ ನಿಲ್ಲುವುದಿಲ್ಲ. ಹಂಪನಕಟ್ಟೆಯ ರಸ್ತೆ, ಚರಂಡಿ, ಕಸ, ನಳ್ಳಿನೀರು ಪಾಲಿಕೆಯದು. ವಾಹನ ನಿಲ್ಲಿಸುವ ಪೊಲೀಸರು 2010ರಲ್ಲಿ ಹುಟ್ಟಿದ ನಗರ ಕಮಿಷನರೇಟಿನವರು. ಬೀದಿದೀಪ ಹಾಕಿಸುವುದು ಪಾಲಿಕೆ, ಕರೆಂಟು ಕೊಡುವುದು ಮೆಸ್ಕಾಂ. ಸಿಟಿ ಬಸ್ಸಿಗೆ ಪರ್ಮಿಟ್ ಕೊಡುವ ಸಾರಿಗೆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು. ನಗರದ ಮಾಸ್ಟರ್ ಪ್ಲಾನ್ ಬರೆಯುವುದು ಮುಡಾ, ಅಂದರೆ ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರ. ಮಿನಿ ವಿಧಾನಸೌಧದಲ್ಲಿ ಕೂರುವ ತಹಶೀಲ್ದಾರರು ಕಂದಾಯ ಇಲಾಖೆಯವರು. ಇವರೆಲ್ಲ ಸಾಲದೆಂಬಂತೆ 2016ರಲ್ಲಿ ಮಂಗಳೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಕಂಪನಿ ಕಾಯ್ದೆಯಡಿ ನೋಂದಣಿಯಾದ ಇನ್ನೊಂದು ಸಂಸ್ಥೆಯೂ ಬಂತು. ಫುಟ್‌ಪಾತಿನ ಕಲ್ಲು ಎದ್ದರೆ ಯಾರನ್ನು ಕೇಳಬೇಕೆಂದು ಊರಿನವರಿಗೇ ಗೊಂದಲವಾಗುವುದು ಸುಮ್ಮನೆ ಅಲ್ಲ. ಆದರೂ ಇಷ್ಟು ಜನರ ನಡುವೆ ನಗರದ ಹೆಸರಿನಲ್ಲಿ ನಗರದವರೇ ಮತ ಹಾಕಿ ಆರಿಸುವುದು ಪಾಲಿಕೆಯೊಂದನ್ನೇ. ಹಾಗಾಗಿ ಅದರ ಒಳಗಟ್ಟನ್ನು ತಿಳಿದಿರುವುದು ಒಳ್ಳೆಯದು.

ಹುಟ್ಟು ಹಳೆಯದು. ಮದರಾಸು ಪ್ರಾಂತ್ಯದ 1865ರ ಪಟ್ಟಣ ಸುಧಾರಣಾ ಕಾಯ್ದೆಯಡಿ 1866ರಲ್ಲಿ ಮಂಗಳೂರು ಮುನಿಸಿಪಾಲಿಟಿ ಆಯಿತು. 1980ರಲ್ಲಿ ಮಹಾನಗರ ಪಾಲಿಕೆಯಾಗಿ ಬಡ್ತಿ ಪಡೆಯಿತು. ಈಗ ಕಚೇರಿ ಲಾಲ್‌ಬಾಗಿನಲ್ಲಿ. ನಡೆಸುವ ಕಾನೂನು 1976ರ ಕರ್ನಾಟಕ ಪೌರನಿಗಮಗಳ ಕಾಯ್ದೆ. ಅದರ ಪ್ರಕಾರ ವಾರ್ಡಿಗೊಬ್ಬರಂತೆ 60 ಚುನಾಯಿತ ಸದಸ್ಯರು, ಐದು ವರ್ಷದ ಅವಧಿ, ಅರ್ಧದಷ್ಟು ಸೀಟು ಮಹಿಳೆಯರಿಗೆ. ಸರಕಾರ ನಾಮಕರಣ ಮಾಡಿದವರೂ ಸಭೆಯಲ್ಲಿ ಕೂರುತ್ತಾರೆ, ಮಾತಾಡುತ್ತಾರೆ, ಮತ ಹಾಕುವಂತಿಲ್ಲ. ಸಂಸದರು, ಶಾಸಕರಿಗೆ ಮತವಿದೆ. ಮೇಯರ್ ಚುನಾವಣೆಯ ಬೆಳಿಗ್ಗೆ ಅವರೂ ಲಾಲ್‌ಬಾಗಿಗೆ ಬರುವುದು ಅದಕ್ಕೇ.

ಮೇಯರ್ ಅವಧಿ ಒಂದೇ ವರ್ಷ. ಉಪಮೇಯರ್‌ಗೂ ಅಷ್ಟೇ, ನಾಲ್ಕು ಸ್ಥಾಯಿ ಸಮಿತಿಗಳಿಗೂ ಅಷ್ಟೇ: ತೆರಿಗೆ ಮತ್ತು ಹಣಕಾಸಿಗೊಂದು, ಆರೋಗ್ಯ-ಶಿಕ್ಷಣ-ಸಾಮಾಜಿಕ ನ್ಯಾಯಕ್ಕೊಂದು, ನಗರ ಯೋಜನೆಗೊಂದು, ಲೆಕ್ಕಪತ್ರಕ್ಕೊಂದು. ಯಾವ ವರ್ಷ ಯಾವ ವರ್ಗದವರು ಮೇಯರ್ ಆಗಬೇಕೆಂಬ ಮೀಸಲಾತಿ ಪಟ್ಟಿ ಬರುವುದು ಬೆಂಗಳೂರಿನಿಂದ. ತಮಾಷೆಯೆಂದರೆ ನಮ್ಮ ಕಾನೂನಿನಲ್ಲಿ ಪುತ್ತೂರು ನಗರಸಭೆಯ ಅಧ್ಯಕ್ಷರಿಗೆ 30 ತಿಂಗಳು ಸಿಗುತ್ತದೆ, ಅದಕ್ಕಿಂತ ಎಷ್ಟೋ ದೊಡ್ಡ ಊರಿನ ಮೇಯರ್‌ಗೆ 12. ಬಜೆಟ್ ಪುಸ್ತಕದ ಪುಟ ಪರಿಚಯವಾಗುವಷ್ಟರಲ್ಲಿ ಬೀಳ್ಕೊಡುಗೆಯ ಹಾರ ಬಂದಿರುತ್ತದೆ.

ಇನ್ನೊಂದು ಕಡೆ ಆಯುಕ್ತರು. ಅವರನ್ನು ನೇಮಿಸುವುದು ರಾಜ್ಯ ಸರಕಾರ, ವರ್ಗ ಮಾಡುವುದೂ ಅದೇ. ಕಾಯ್ದೆಯನ್ನು ಜಾರಿ ಮಾಡುವ ಅಧಿಕಾರ, ಅಂದರೆ ಕಡತಕ್ಕೆ ಸಹಿ, ಟೆಂಡರು, ನೋಟಿಸು, ಸಿಬ್ಬಂದಿಯ ಮೇಲಿನ ಹಿಡಿತ, ಎಲ್ಲ ಅವರ ಮೇಜಿನಲ್ಲಿ. ಪಾಲಿಕೆ ಸದಸ್ಯರ ಪರಿಷತ್ತು ನಿರ್ಣಯ ಮಾಡಬಹುದು, ಪ್ರಶ್ನೆ ಕೇಳಬಹುದು, ಪ್ರತಿಪಕ್ಷದವರು ಸದನದ ಬಾವಿಗೆ ಇಳಿಯಬಹುದು. ಗೌನು ತೊಟ್ಟ ವೇಷ ರಂಗದಲ್ಲಿ ಎಷ್ಟೇ ಚೆಂದ ಕುಣಿದರೂ ತಾಳ ಇರುವುದು ಭಾಗವತರ ಕೈಯಲ್ಲಿ.

ಹೀಗೆ ವರ್ಷಕ್ಕೊಬ್ಬರು ಎಂಬ ಪದ್ಧತಿಯನ್ನು ಒಂದು ಇಡೀ ದೇಶವೇ ಪ್ರಯೋಗ ಮಾಡಿ ನೋಡಿದೆ. ದಕ್ಷಿಣ ಅಮೆರಿಕದ ಉರುಗ್ವೆಯ ಜನಸಂಖ್ಯೆ 2011ರ ಗಣತಿಯಲ್ಲಿ ಸುಮಾರು 32.9 ಲಕ್ಷ, ಅದೇ ವರ್ಷ ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಸೇರಿ 32.7 ಲಕ್ಷ. ಆ ಪುಟ್ಟ ಗಣರಾಜ್ಯದಲ್ಲಿ ಹೋಸೆ ಬಾಟ್ಯೆ ಎಂಬ ಅಧ್ಯಕ್ಷರು ಸ್ವಿಟ್ಜರ್ಲೆಂಡನ್ನು ನೋಡಿ, ಒಬ್ಬನ ಕೈಗೆ ಇಷ್ಟು ಅಧಿಕಾರ ಬೇಡ ಎಂದು ವಾದಿಸಿದ್ದರು. ಅವರು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ, 1952ರಿಂದ 1967ರವರೆಗೆ, ಅಲ್ಲಿ ಅಧ್ಯಕ್ಷ ಹುದ್ದೆಯೇ ಇರಲಿಲ್ಲ. ಒಂಬತ್ತು ಜನರ ಆಡಳಿತ ಮಂಡಳಿ. ಗೆದ್ದ ಪಕ್ಷಕ್ಕೆ ಆರು, ಎರಡನೆಯದಕ್ಕೆ ಮೂರು ಸ್ಥಾನ. ಮಂಡಳಿಯ ಅಧ್ಯಕ್ಷತೆ ಗೆದ್ದವರೊಳಗೆ ವರ್ಷಕ್ಕೊಬ್ಬರಂತೆ ಸುತ್ತುತ್ತಿತ್ತು. ಉಣ್ಣೆ, ಮಾಂಸದ ರಫ್ತು ಕುಸಿದು ಬೆಲೆಗಳು ಏರತೊಡಗಿದಾಗ ನಿರ್ಧಾರ ಯಾರದೆಂಬುದೇ ತೀರ್ಮಾನವಾಗದೆ, 1966ರ ಜನಮತ ಸಂಗ್ರಹದಲ್ಲಿ ಮತದಾರರು ಅದನ್ನು ಕೈಬಿಟ್ಟರು. ಈಗ ಅಲ್ಲಿ ಐದು ವರ್ಷದ ಅಧ್ಯಕ್ಷರು, 99 ಜನರ ಕೆಳಮನೆ, 30 ಸೆನೆಟರುಗಳು.

ನಮಗೆ ಇನ್ನೂ ಹತ್ತಿರದ ಪಾಠ ಇರುವುದು ಅಲ್ಲಿನ 19 ಜಿಲ್ಲೆಗಳಲ್ಲಿ. ಪ್ರತಿ ಜಿಲ್ಲೆಗೂ ಇಂತೆಂದೆಂತೆ ಎಂಬ ಮುಖ್ಯಸ್ಥರಿದ್ದಾರೆ. ಜನರೇ ನೇರವಾಗಿ ಐದು ವರ್ಷಕ್ಕೆ ಆರಿಸುತ್ತಾರೆ. ಲೆಕ್ಕ ಕೇಳಲು 31 ಸದಸ್ಯರ ಪ್ರತ್ಯೇಕ ಸಭೆ. ಮೇಯರ್, ಆಯುಕ್ತ ಇಬ್ಬರ ಕೆಲಸವೂ ಒಂದೇ ಕುರ್ಚಿಯಲ್ಲಿ ಎನ್ನಬಹುದು. ರಾಜಧಾನಿ ಮೊಂಟೆವಿಡಿಯೊದ ಆ ಕುರ್ಚಿಯಲ್ಲಿ 1990ರಿಂದ ಕೂತಿದ್ದ ಕ್ಯಾನ್ಸರ್ ವೈದ್ಯ ತಬಾರೆ ವಾಸ್ಕೆಸ್ 2005ರಲ್ಲಿ ದೇಶದ ಅಧ್ಯಕ್ಷರಾದರು. ಮಂಗಳೂರಿನಲ್ಲಿ 2013ರಲ್ಲಿ ದಕ್ಷಿಣ ಕ್ಷೇತ್ರದಿಂದ ವಿಧಾನಸಭೆಗೆ ಹೋದ ಜೆ.ಆರ್. ಲೋಬೊ ಅದಕ್ಕೂ ಮೊದಲು ಇದೇ ಪಾಲಿಕೆಯ ಆಯುಕ್ತರಾಗಿದ್ದವರು. ಊರಿನ ಜನರಿಗೆ ಪರಿಚಯವಾಗುವ ಕುರ್ಚಿ ಯಾವುದೆಂದು ಇದರಿಂದಲೇ ಊಹಿಸಬಹುದು. ಮೇಯರ್‌ಗೆ ಕನಿಷ್ಠ ಎರಡೂವರೆ ವರ್ಷವಾದರೂ ಬೇಕು ಎಂಬುದು ನನ್ನ ಅಭಿಪ್ರಾಯ. ಮೀಸಲಾತಿಯ ಸರದಿ ನಿಧಾನವಾಗುತ್ತದೆ ಎಂಬ ಆಕ್ಷೇಪವೂ ಹಗುರವಾದದ್ದಲ್ಲ.

ಇದ್ದ ಅವಧಿಯಾದರೂ ಸಮಯಕ್ಕೆ ಸರಿಯಾಗಿ ಶುರುವಾಗುತ್ತದೆಯೇ? 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕು ಎನ್ನುತ್ತದೆ. ಇಲ್ಲಿ 2013ರ ಮಾರ್ಚಿನಲ್ಲಿ ಮತದಾನವಾಗಿ, ಮೀಸಲಾತಿ ಪಟ್ಟಿಯ ತಕರಾರು ಕೋರ್ಟಿಗೆ ಹೋಗಿ, ಮೇಯರ್ ಬಂದದ್ದು 2014ರಲ್ಲಿ. ಮುಂದಿನ ಚುನಾವಣೆ 2019ರ ನವೆಂಬರಿನಲ್ಲಿ, ಮೇಯರ್ 2020ರ ಫೆಬ್ರವರಿ ಕೊನೆಗೆ. ಆ ಪರಿಷತ್ತು 2025ರ ಫೆಬ್ರವರಿಯಲ್ಲಿ ಮುಗಿದಾಗ ಹೊಸ ಚುನಾವಣೆ ಆಗಿರಲಿಲ್ಲ. ಅಧಿಕಾರ ಆಡಳಿತಾಧಿಕಾರಿಗೆ ಹೋಯಿತು.

ಇದರ ಪೆಟ್ಟು ಹೆಚ್ಚು ಬಿದ್ದದ್ದು ಕೆಳಗಿನ ಮೆಟ್ಟಿಲಿಗೆ. ನಾಗರಿಕರು ಹೈಕೋರ್ಟಿನವರೆಗೆ ಹೋಗಿ ಪಡೆದುಕೊಂಡ ವಾರ್ಡ್ ಸಮಿತಿಗಳು ಮಂಗಳೂರಿನ ವಿಶೇಷ. ರಾಜ್ಯದಲ್ಲಿ ಬೆಂಗಳೂರು ಬಿಟ್ಟರೆ ಮೊದಲು ಬಂದದ್ದು ಇಲ್ಲಿ. ಕಾರ್ಪೊರೇಟರ್ ಅಧ್ಯಕ್ಷತೆಯಲ್ಲಿ, ಮಹಿಳೆಯರು, ಪರಿಶಿಷ್ಟರು, ನಿವಾಸಿ ಸಂಘದವರು ಕೂತು ತಮ್ಮ ಬೀದಿಯ ಚರಂಡಿಯ ಬಗ್ಗೆ ಅಧಿಕಾರಿಯನ್ನೇ ಎದುರಿಗೆ ಕೇಳುವ ಜಾಗ ಅದು. ಆದರೆ ಕಾಯ್ದೆ ಅದರ ಅವಧಿಯನ್ನು ಪಾಲಿಕೆಯ ಅವಧಿಗೇ ಗಂಟು ಹಾಕಿದೆ. ಪರಿಷತ್ತು ಹೋದಾಗ ಸಮಿತಿಯೂ ಹೋಯಿತು, ದೂರು ಹಿಡಿದವರು ಲಾಲ್‌ಬಾಗಿನ ಕೌಂಟರಿಗೆ ಮರಳಬೇಕಾಯಿತು.