ಜನಪದೋದ್ಧ್ವಂಸ ವಿಚಾರವೂ ಕರುಳಿನ ವೈರಸ್ಸುಗಳೂ

ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯಕ್ಕೆ ಜನಪದೋದ್ಧ್ವಂಸನೀಯವೆಂದು ಹೆಸರು. ಬೇಸಗೆಯ ಕಡೆಯ ತಿಂಗಳಲ್ಲಿ, ಪಾಂಚಾಲದೇಶದ ಕಾಂಪಿಲ್ಯದಲ್ಲಿ, ಗಂಗಾತೀರದ ವನದಲ್ಲಿ ಸಂಚರಿಸುತ್ತ ಪುನರ್ವಸು ಆತ್ರೇಯನು ಶಿಷ್ಯನಾದ ಅಗ್ನಿವೇಶನಿಗೆ ಬೋಧಿಸಿದ ವಿಷಯವಿದು. ಪ್ರಕೃತಿ, ಆಹಾರ, ಬಲ, ವಯಸ್ಸುಗಳಲ್ಲಿ ಬೇರೆ ಬೇರೆಯಾಗಿರುವ ಜನರನ್ನು ಒಂದೇ ವ್ಯಾಧಿಯು ಏಕಕಾಲದಲ್ಲಿ ನಾಶಮಾಡುವುದು ಹೇಗೆಂಬುದು ಶಿಷ್ಯನ ಪ್ರಶ್ನೆ. ಎಲ್ಲರಿಗೂ ಸಮಾನವಾದ ವಾಯು, ಉದಕ, ದೇಶ, ಕಾಲಗಳು ಕೆಡುವುದರಿಂದ ಎಂಬುದು ಗುರುವಿನ ಉತ್ತರ. ಕೆಟ್ಟ ವಾಯುವಿನ ಲಕ್ಷಣಗಳಲ್ಲಿ ಋತುವಿರೋಧ, ಅತಿಶೈತ್ಯ, ಅತ್ಯುಷ್ಣತೆಗಳೊಡನೆ ಧೂಳು ಹೊಗೆಗಳೂ ಎಣಿಸಲ್ಪಟ್ಟಿವೆ.

ಇದನ್ನು ಕಂಡು, ನಮ್ಮ ಪ್ರಾಚೀನರು ವೈರಸ್ಸುಗಳನ್ನೂ ಬಲ್ಲವರಾಗಿದ್ದರೆಂದು ಸಂಭ್ರಮಿಸುವವರುಂಟು. ಗ್ರಂಥದಲ್ಲಿಲ್ಲದುದನ್ನು ಗ್ರಂಥಕ್ಕೆ ಆರೋಪಿಸುವುದು ಅದಕ್ಕೆ ಸಲ್ಲಿಸುವ ಗೌರವವಲ್ಲ. ಆದರೆ ಹೊಗೆಗೂ ಋತುವಿಗೂ ರೋಗಕ್ಕೂ ಇರುವ ಸಂಬಂಧವೇನೆಂಬ ಪ್ರಶ್ನೆ ಇಂದಿಗೂ ಜೀವಂತವಾಗಿದೆ. ಅದನ್ನು ವಿಚಾರಿಸಲು ನಮ್ಮ ತರ್ಕಶಾಸ್ತ್ರದ ಉಪಕರಣವೊಂದು ಚೆನ್ನಾಗಿ ಒದಗುತ್ತದೆ.

ಮೊದಲು ಋತುವಿನ ಮಾತು. ಶಿಶುಗಳಿಗೆ ಅತಿಸಾರವನ್ನು ತರುವ ರೋಟಾವೈರಸ್ಸನ್ನು ೧೯೭೩ರಲ್ಲಿ ಮೆಲ್ಬರ್ನ್ ನಗರದಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು ಕಂಡುಹಿಡಿದರು. ಇದು ಮಲದೊಡನೆ ಹೊರಬಿದ್ದು ಕೈ, ನೀರು, ಆಹಾರಗಳ ಮೂಲಕ ಬಾಯಿಯನ್ನು ಸೇರುತ್ತದೆ. ಲಸಿಕೆ ಬರುವುದಕ್ಕೆ ಮುಂಚೆ ಸಮಶೀತೋಷ್ಣ ದೇಶಗಳಲ್ಲಿ ಇದರ ಹಾವಳಿ ಚಳಿಗಾಲದ್ದಾಗಿತ್ತು. ವಾಂತಿಯನ್ನು ತರುವ ನೋರೋವೈರಸ್ಸೂ ಆ ಕಾಲವನ್ನೇ ಮೆಚ್ಚುತ್ತದೆ. ಅದೇ ಮಾರ್ಗದಿಂದ ಹರಡುವ ಪೋಲಿಯೋ ವೈರಸ್ಸಾದರೋ ಅದೇ ದೇಶಗಳಲ್ಲಿ ಬೇಸಗೆಯಲ್ಲಿಯೂ ಶರತ್ತಿನಲ್ಲಿಯೂ ಹೆಚ್ಚುತ್ತಿತ್ತು. ಒಣಗಾಳಿಯಲ್ಲಿ ಪೋಲಿಯೋ ವೈರಸ್ಸು ಬೇಗನೆ ನಶಿಸಿ, ತೇವದ ಗಾಳಿಯಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ಮಾರ್ಗವೊಂದೇ ಆದರೂ ಋತು ಬೇರೆ.

ಇನ್ನು ಹೊಗೆ. ಉತ್ತರಭಾರತದ ನಗರಗಳಲ್ಲಿ ಚಳಿಗಾಲ ಬಂದೊಡನೆ ತಣ್ಣನೆಯ ಗಾಳಿ ನೆಲಕ್ಕೆ ಅಂಟಿ ನಿಲ್ಲುವುದರಿಂದ ಹೊಗೆ ಮೇಲೇರಲಾರದು. ರೋಟಾವೈರಸ್ಸಿನ ಅತಿಸಾರವೂ ಅಲ್ಲಿ ಆಗಲೇ ಹೆಚ್ಚು. ಹಾಗಾದರೆ ಹೊಗೆಯೇ ಅತಿಸಾರಕ್ಕೆ ಕಾರಣವೆ? ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆಂದು ಹೇಳಲಾಗದು, ಹಸಿಸೌದೆಯ ಸಂಯೋಗವೆಂಬ ಉಪಾಧಿ ಅಲ್ಲಿ ಬೇಕು ಎಂಬ ನೈಯಾಯಿಕರ ದೃಷ್ಟಾಂತವು ವಿದ್ವಾಂಸರಿಗೆ ಪರಿಚಿತವೇ. (ಪಾಠಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡುವಾಗ ಇದು ವೈದ್ಯಕ್ಕೆ ಉಪಯೋಗವಾದೀತೆಂದು ನಾನು ಎಣಿಸಿರಲಿಲ್ಲ.) ಇಲ್ಲಿ ಚಳಿಗಾಲವೇ ಉಪಾಧಿ, ಅದು ಹೊಗೆಯನ್ನೂ ತರುತ್ತದೆ, ವೈರಸ್ಸಿಗೂ ಅನುಕೂಲವಾಗುತ್ತದೆ. ಈ ಉಪಾಧಿಯನ್ನು ಕಳೆದು ನೋಡಿದ ಮೇಲೆಯೇ ಹೊಗೆಯ ಪಾಲೆಷ್ಟೆಂದು ಹೇಳಬಹುದು. ಮಕ್ಕಳ ಕೈ, ಕಾಲು, ಬಾಯಿಗಳಲ್ಲಿ ಗುಳ್ಳೆಗಳನ್ನೆಬ್ಬಿಸುವ ಕರುಳಿನ ವೈರಸ್ಸುಗಳ ವಿಷಯದಲ್ಲಿ ಚೀನದ ನಗರಗಳಲ್ಲಿ ಇಂಥ ಪರೀಕ್ಷೆಗಳು ನಡೆದಿವೆ, ಫಲಗಳು ಏಕರೂಪವಾಗಿಲ್ಲ. ಸೂಕ್ಷ್ಮ ಧೂಳು ಶ್ವಾಸಮಾರ್ಗವನ್ನು ಕೆಡಿಸುವುದು ಸಿದ್ಧ. ಅದರಿಂದ ಕರುಳಿನ ವೈರಸ್ಸು ಹೆಚ್ಚು ಹರಡುವುದೆಂಬುದು ಇನ್ನೂ ಸಾಧ್ಯಕೋಟಿಯಲ್ಲಿದೆ.

ನೀರಿನ ವಿಷಯದಲ್ಲಿ ಈ ಸಂದೇಹವಿಲ್ಲ. ೧೯೫೫ರ ಮಳೆಗಾಲದ ಕೊನೆಯಲ್ಲಿ ದಿಲ್ಲಿಯ ಯಮುನೆಗೆ ಪ್ರವಾಹ ಬಂದಿತು. ಅದು ಇಳಿದಮೇಲೆ ನದಿಯ ಹರಿವು ಬದಲಾಗಿ, ನಜಾಫ್‌ಗಢ ಕಾಲುವೆಯ ಕೊಳಚೆಯು ಹಿಮ್ಮುಖವಾಗಿ ಹರಿದು, ವಜೀರಾಬಾದಿನಲ್ಲಿ ಊರಿಗೆ ನೀರೆತ್ತುವ ಸ್ಥಳವನ್ನು ಮುಟ್ಟಿತು. ಅಧಿಕಾರಿಗಳು ಕ್ಲೋರಿನ್ನನ್ನು ಹೆಚ್ಚಿಸಿದರು. ಬ್ಯಾಕ್ಟೀರಿಯಾದ ರೋಗಗಳು ಏರಲಿಲ್ಲ. ಆದರೆ ವಾರಗಳು ಕಳೆದಮೇಲೆ, ಡಿಸೆಂಬರ್ ಜನವರಿಗಳಲ್ಲಿ, ಸುಮಾರು ೨೯,೦೦೦ ಜನರಿಗೆ ಕಾಮಾಲೆಯಾಯಿತು. ಗರ್ಭಿಣಿಯರಲ್ಲಿ ಸಾವು ಹೆಚ್ಚು. ಕಾರಣವಾದುದು ಇಂದು ಹೆಪಟೈಟಿಸ್ ‘ಇ’ ಎಂದು ಕರೆಯಲ್ಪಡುವ ವೈರಸ್ಸು. ೧೯೮೩ರಲ್ಲಿ ಬಲಯಾನ್ ಎಂಬ ಸೋವಿಯತ್ ವಿಜ್ಞಾನಿ ರೋಗಿಗಳ ಮಲಾಂಶವನ್ನು ತಾನೇ ಸೇವಿಸಿ, ತನ್ನ ಮಲದಲ್ಲಿ ಅದನ್ನು ಕಂಡನು.

ವಾಯುವಿಗಿಂತ ಜಲ, ಜಲಕ್ಕಿಂತ ದೇಶ, ದೇಶಕ್ಕಿಂತ ಕಾಲ ಹೀಗೆ ಒಂದಕ್ಕಿಂತ ಒಂದನ್ನು ತಪ್ಪಿಸಿಕೊಳ್ಳುವುದು ಕಷ್ಟವೆಂದು ಚರಕದಲ್ಲಿ ತರತಮವು ಹೇಳಲ್ಪಟ್ಟಿದೆ. ದಿಲ್ಲಿಯಲ್ಲಿ ಅಂದು ಅಕಾಲದ ಮಳೆ ನೆಲವನ್ನು ಕದಡಿತು, ನೆಲದ ಕೊಳಚೆ ನೀರನ್ನು ಕೆಡಿಸಿತು, ಕ್ರಮವು ಒಪ್ಪುತ್ತದೆ. ಆದರೆ ಅದೇ ಊರಿನ ಇಂದಿನ ಚಳಿಗಾಲದಲ್ಲಿ ಬಾಗಿಲು ಮುಚ್ಚಿದರೂ ಹೊಗೆ ಒಳಗೆ ಬರುವುದರಿಂದ, ವಾಯುವನ್ನು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ನಿಲ್ಲಿಸಲು ಅಲ್ಲಿಯವರು ಒಪ್ಪಲಾರರು.