ಧಾರವಾಡದ ಹಣ್ಣು, ದೇವಗಡದ ಪೇಟಿ

ನವಿ ಮುಂಬೈನ ಸಾನಪಾಡಾ ಸ್ಟೇಷನ್ನಿನ ಹೊರಗೆ ಸಂಜೆ ತಾಡಪತ್ರಿ ಹಾಸಿ ಕೂತ ವಿಜಯಪುರ ಕಡೆಯ ಹೆಣ್ಣುಮಗಳ ವ್ಯಾಪಾರ ನೋಡುವಂಥದ್ದು. ಮರಾಠಿಯಲ್ಲಿ ದರ ಕೇಳಿದವರಿಗೆ ಮಾವಿನ ಹಣ್ಣು ‘ದೇವಗಡ ಹಾಪುಸ್’. ಕನ್ನಡ ಕಿವಿಗೆ ಬಿದ್ದರೆ ಅದೇ ಹಣ್ಣಿನ ಊರು ಬದಲು: “ನಿಮಗ್ಯಾಕ ಸುಳ್ಳು ಹೇಳ್ಲಿರೀ, ಧಾರವಾಡದ ಕಡೀದು. ಡಜನ್ನಿಗೆ ನೂರು ಕಮ್ಮಿ ಕೊಡ್ರಿ.”

ಈ ಆಟ ಆಕೆ ಕಂಡುಹಿಡಿದದ್ದಲ್ಲ. ಮುಂಬೈನ ಹಣ್ಣು-ತರಕಾರಿ ಸಗಟು ಪೇಟೆ 1996ರಲ್ಲಿ ಪಕ್ಕದ ತುರ್ಭೆ-ವಾಶಿಯ ಎಪಿಎಂಸಿಗೆ ಬಂತು. ಧಾರವಾಡ, ತುಮಕೂರಿನ ಮಾವೂ ಅಲ್ಲಿಗೇ ಇಳಿಯುತ್ತದೆ. ದೇವಗಡದಂಥ ಕೊಂಕಣದ ಊರಿನ ಹೆಸರು ಹೊತ್ತು ಮಾರಾಟವಾಗುತ್ತದೆಂಬ ದೂರು ಪ್ರತಿ ಹಂಗಾಮಿನಲ್ಲೂ ಏಳುತ್ತದೆ. ದೇವಗಡದ್ದಕ್ಕೆ ಸಿಪ್ಪೆ ತೆಳು, ತಿರುಳು ಕೇಸರಿ. ಕರ್ನಾಟಕದ್ದು ಒಳಗೆ ಹಳದಿ ಎನ್ನುತ್ತಾರೆ ಬಲ್ಲವರು. ಕೊಯ್ಯದೆ ಹೇಳುವವರು ಕಡಿಮೆ.

2018ರಲ್ಲಿ ಹಾಪುಸ್‌ಗೆ, ಅಂದರೆ ನಮ್ಮ ಆಪೂಸಿಗೆ, ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ರತ್ನಾಗಿರಿ, ಸಿಂಧುದುರ್ಗ, ರಾಯಗಡ, ಪಾಲ್ಘರ್, ಠಾಣೆ ಜಿಲ್ಲೆಗಳಷ್ಟೇ ಪಟ್ಟಿಯಲ್ಲಿವೆ. ಸಾನಪಾಡಾ ಇರುವುದು ಠಾಣೆ ಜಿಲ್ಲೆಯಲ್ಲೇ! ಇಲ್ಲಿನ ಯಾವುದೋ ಸೊಸೈಟಿಯ ಕಂಪೌಂಡಿನಲ್ಲಿ, ಪೈಪಿನ ನೀರು ಕುಡಿದು ಬೆಳೆದ ಮರ ಆ ಹೆಸರಿನ ಸೀಮೆಯೊಳಗೆ. ತಲೆಮಾರುಗಳಿಂದ ಆಪೂಸು ಬೆಳೆದ ಧಾರವಾಡ ಹೊರಗೆ. ಸುಳ್ಳು ಹೆಸರಲ್ಲಿ ಮಾರಿದರೆ ಕನಿಷ್ಠ ಆರು ತಿಂಗಳ ಸಜೆ, 50,000 ರೂಪಾಯಿ ದಂಡ ಎನ್ನುತ್ತದೆ ಕಾನೂನು. ಫುಟ್‌ಪಾತಿನಲ್ಲಿ ಆ ಕಾನೂನಿನ ಭಯ ಯಾರಿಗೂ ಇದ್ದಂತಿಲ್ಲ.

ಭಯ ಇರುವುದು ಪಾಲಿಕೆಯ ಗಾಡಿಗೆ. “ಗಾಡಿ ಆಲೀ” ಎಂಬ ಕೂಗು ಬಿದ್ದರೆ ಸಾಲಿಗೆ ಸಾಲೇ ಮಾಯ. ತಾಡಪತ್ರಿಯ ನಾಲ್ಕು ಮೂಲೆಗೂ ಹಗ್ಗ ಮೊದಲೇ ಕಟ್ಟಿರುತ್ತದೆ, ಜಗ್ಗಿದರೆ ಗಂಟು. ಅದಕ್ಕೇ ಹಾಸಿನ ಮೇಲೆ ಎರಡು ಡಜನ್ ಮಾತ್ರ. ಉಳಿದ ಪೇಟಿಗಳು ಹಿಂದಿನ ಅಂಗಡಿಯೊಳಗೆ.

2014ರ ಬೀದಿ ವ್ಯಾಪಾರಿಗಳ ಕಾಯ್ದೆ ಓದಿದರೆ ಇದೆಲ್ಲ ನಡೆಯಬಾರದು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಎಬ್ಬಿಸುವಂತಿಲ್ಲ; ಜನಸಂಖ್ಯೆಯ ಶೇ 2.5ರವರೆಗೆ ವ್ಯಾಪಾರಿಗಳಿಗೆ ಜಾಗ ಕೊಡಬೇಕು. ಪಟ್ಟಣ ಮಾರಾಟ ಸಮಿತಿಯಲ್ಲಿ ಶೇ 40 ಅವರೇ ಇರಬೇಕು. ಜಪ್ತಿಯಾದ ಸಾಮಾನು ಕೊಳೆಯುವಂಥದ್ದಾದರೆ ಕೇಳಿದ ದಿನವೇ ವಾಪಸು. ಲಾರಿಯಲ್ಲಿ ತಕ್ಕಡಿ, ತಳ್ಳುಗಾಡಿಗಳಡಿ ಅಪ್ಪಚ್ಚಿಯಾದ ಮಾವನ್ನು ಯಾರು ಹೋಗಿ ಕೇಳುತ್ತಾರೋ! ಇತ್ತ 2017ರಲ್ಲಿ ಬಾಂಬೆ ಹೈಕೋರ್ಟ್ ಸ್ಟೇಷನ್ನಿನಿಂದ 150 ಮೀಟರ್ ಒಳಗೆ ಮಾರಬಾರದೆಂದಿತು. ಗಿರಾಕಿ ಸಿಗುವುದು ಆ 150 ಮೀಟರಿನಲ್ಲೇ.

2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ‘ಪಿಎಂ ಸ್ವನಿಧಿ’ ತಂದು ಇದೇ ವ್ಯಾಪಾರಿಗಳಿಗೆ ಮೊದಲ ಕಂತು 10,000 ರೂಪಾಯಿ ಸಾಲ ಕೊಡತೊಡಗಿತು. ಪ್ರಮಾಣಪತ್ರ ಇಲ್ಲದವರು ಶಿಫಾರಸು ಪತ್ರ ತರಬಹುದು. ಆ ಪತ್ರಕ್ಕೆ ಅರ್ಜಿ ಹಾಕಬೇಕಾದದ್ದು, ಗಾಡಿ ಕಳಿಸುವ ನಗರಪಾಲಿಕೆಗೇ.